ಅಡ್ಮಿಶನ್ ಆಯ್ತು, ಎಕ್ಸಾಮ್ ಅಪ್ಲಿಕೇಶನ್ ಹಾಕಿದ್ರಾ?

ಯಲಹಂಕ, ಹೆಬ್ಬಾಳದ ಕಡೆ ಡಿಗ್ರಿಗೆ ಸೇರಿದ್ದೀರಾ? ಮೊದಲು ನಿಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಅಂತ ಕೇಳ್ಕೊಳ್ಳಿ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಯ್ತಲ್ಲ, ಈಗ ಒಂದೇ ಬಸ್ಸಲ್ಲಿ ಬರೋ ಇಬ್ಬರ ಎಕ್ಸಾಮ್ ಅಪ್ಲಿಕೇಶನ್ ಕೊನೇ ದಿನಾಂಕವೂ ಬೇರೆಬೇರೆ ಇರಬಹುದು. ಫ್ರೆಂಡ್ ಹೇಳಿದ ತಾರೀಖು ನಂಬಬೇಡಿ!

ಈ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಅಡ್ಮಿಶನ್, ಪರೀಕ್ಷೆ ಎಲ್ಲಾ ಯುಯುಸಿಎಂಎಸ್ ಅನ್ನೋ ಆನ್‌ಲೈನ್ ಪೋರ್ಟಲ್‌ನಲ್ಲೇ. ಅಡ್ಮಿಶನ್ ಆದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಬರಲ್ಲ; ಪ್ರತಿ ಸೆಮಿಸ್ಟರ್‌ಗೂ ಎಕ್ಸಾಮ್ ಅಪ್ಲಿಕೇಶನ್ ಬೇರೆ, ಫೀಸೂ ಬೇರೆ. ಅಲ್ಲಿ ಕಾಣೋ ವಿಷಯಗಳನ್ನ ನಿಧಾನಕ್ಕೆ ಓದಿ. ನೀವು ಕನ್ನಡ ತಗೊಂಡಿದ್ದು, ಅಲ್ಲಿ ಹಿಂದಿ ಅಂತಿದ್ರೆ? ಅವತ್ತೇ ಕಾಲೇಜ್ ಆಫೀಸಿಗೆ ಓಡಿ. ಹಾಲ್ ಟಿಕೆಟ್ ಬಂದ ಮೇಲೆ ಪರದಾಟ ಜಾಸ್ತಿ. ದುಡ್ಡು ಕಟ್ಟಿದ ರಸೀದಿ ಫೋನಲ್ಲಿರಲಿ.

ಇಂಜಿನಿಯರಿಂಗ್‌ನವರೇ, ನಿಮ್ಮ ವಿಟಿಯು ದಾರಿನೇ ಬೇರೆ. ಅದಕ್ಕೆ ಇನ್ನೊಂದು ರೀಲ್ ಮಾಡ್ತೀನಿ.