ಕೊನೆಯ ಗೇರು ಟೈರೇ

ಮಾರುತಿ ಜಿಪ್ಸಿ ಮಾರುಕಟ್ಟೆಗೆ ಬಂದದ್ದು 1985ರಲ್ಲಿ. ತಯಾರಿಕೆ ನಿಂತು ವರ್ಷಗಳಾದರೂ ಮಲೆನಾಡಿನ ಕಾಫಿ ತೋಟಗಳಲ್ಲಿ ಅದಿನ್ನೂ ದುಡಿಯುತ್ತಿದೆ. ಹಳೇ ಜಿಪ್ಸಿಯೊಂದು ಕೈಗೆ ಬಂದರೆ ಬಹಳ ಜನರಿಗೆ ಮೊದಲು ಹುಟ್ಟುವ ಆಸೆ ದೊಡ್ಡ ಟೈರಿನದು. ನೋಡಲು ಗತ್ತು ಎಂಬುದು ಒಂದು ಕಾರಣ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಕಾರಣ, ತೋಟದ ದಾರಿಯ ಕಲ್ಲು ಗಾಡಿಯ ಹೊಟ್ಟೆಗೆ ಬಡಿಯಬಾರದು ಎಂಬುದು.

ಲೆಕ್ಕ ಟೈರಿನ ಮೈಮೇಲೇ ಬರೆದಿರುತ್ತದೆ. ಜಿಪ್ಸಿ ಕಿಂಗ್ ಮಾದರಿಗೆ ಬರುತ್ತಿದ್ದ ಅಳತೆ 205/70 ಆರ್15. ಅಂದರೆ ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 70, ರಿಮ್ಮಿನ ವ್ಯಾಸ 15 ಇಂಚು. ಕೂಡಿಸಿದರೆ ಟೈರಿನ ಒಟ್ಟು ಎತ್ತರ 668 ಮಿ.ಮೀ. ಆಸೆಪಟ್ಟು ಹಾಕಿಸುವ 235/75 ಆರ್15 ಟೈರಿನದು ಸುಮಾರು 734. ಹತ್ತಿರ ಹತ್ತಿರ ಶೇ. 10 ಹೆಚ್ಚು. ಆದರೆ ಆಕ್ಸಲ್ ಇರುವುದು ಚಕ್ರದ ನಟ್ಟನಡುವೆ. ಹೆಚ್ಚಿದ 66 ಮಿ.ಮೀ.ನಲ್ಲಿ ಅದಕ್ಕೆ ದಕ್ಕುವುದು ಅರ್ಧ, 33 ಮಿ.ಮೀ. ಮಾತ್ರ. ಇದೇನು ಮಹಾ ಎನ್ನುವಂತಿಲ್ಲ. ಕಲ್ಲಿಗೆ ಮೊದಲು ತಗಲುವುದು ಆಕ್ಸಲ್ಲಿನ ಡಿಫರೆನ್ಷಿಯಲ್ ಗುಂಡು. ಪ್ಲೇಟು ಕಟ್ಟು ಬದಲಿಸಿ ಗಾಡಿ ಎತ್ತರಿಸಿದರೆ ಬಾಡಿ ಏರುತ್ತದೆ, ಗುಂಡು ಇದ್ದಲ್ಲೇ ಇರುತ್ತದೆ. ಸಾಧಾರಣ ಗ್ಯಾರೇಜಿನಲ್ಲಿ ಅದನ್ನು ಮೇಲೆತ್ತಲು ಟೈರೊಂದೇ ದಾರಿ.

ಇದರ ಬೆಲೆಯನ್ನು ಗಾಡಿಯ ಉಳಿದೆಲ್ಲ ಭಾಗಗಳು ತೆರುತ್ತವೆ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಕ್ರೌನ್-ಪಿನಿಯನ್ ಎಲ್ಲ ದಾಟಿ ಬಂದ ಶಕ್ತಿ ನೆಲ ಮುಟ್ಟುವ ಮುನ್ನ ಹಾಯುವ ಕೊನೆಯ ಗೇರು ಟೈರೇ. ಆಕ್ಸಲ್ಲನ್ನು ತಿರುಗಿಸುವ ಟಾರ್ಕ್ ಅಷ್ಟೇ ಇದ್ದು ಚಕ್ರದ ತ್ರಿಜ್ಯ ಹೆಚ್ಚಿದರೆ, ನೆಲವನ್ನು ಹಿಂದೆ ತಳ್ಳುವ ಬಲ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಶೇ. 9. 1.3 ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನ್ನಿಗೆ ಇದು ಸಣ್ಣ ಕಡಿತವಲ್ಲ. ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರು ಮೊದಲನೆಯದನ್ನು ಕೇಳಬಹುದು. ಬ್ರೇಕಿನ ಪಾಡೂ ಇದೇ: ಡಿಸ್ಕು, ಡ್ರಮ್ಮು ಹಳೆಯವು, ಚಕ್ರ ಮಾತ್ರ ದೊಡ್ಡದು. ಸಾಲದ್ದಕ್ಕೆ ಟೈರಿನ ತೂಕ ಬಹುಪಾಲು ಹೊರ ಅಂಚಿನಲ್ಲಿದೆ. ಅಂಚಿನ ಒಂದು ಕಿಲೋ ಮುಂದಕ್ಕೂ ಸಾಗಬೇಕು, ತಿರುಗಲೂ ಬೇಕು. ಹಾಗಾಗಿ ವೇಗ ಹಿಡಿಸುವಾಗ, ನಿಲ್ಲಿಸುವಾಗ ಅದು ಸೀಟಿನ ಮೇಲಿಟ್ಟ ಎರಡು ಕಿಲೋಗೆ ಸಮ. ಇಳಿದ ಎಳೆತವನ್ನು ಕ್ರೌನ್-ಪಿನಿಯನ್ ಬದಲಿಸಿ ಮರಳಿ ಪಡೆಯಬಹುದು, ಹಿಂದಿನದನ್ನೂ ಮುಂದಿನದನ್ನೂ ಒಟ್ಟಿಗೇ. ಬ್ರೇಕಿನ ನಷ್ಟ ಅದರಿಂದ ತುಂಬುವುದಿಲ್ಲ.

ಮೀಟರೂ ಸುಳ್ಳು ಹೇಳತೊಡಗುತ್ತದೆ. ಅದು ಎಣಿಸುವುದು ಶಾಫ್ಟಿನ ಸುತ್ತುಗಳನ್ನು, ನೆಲದ ದೂರವನ್ನಲ್ಲ. ಮುಳ್ಳು 60 ತೋರಿಸುವಾಗ ಗಾಡಿ 66ರ ಹತ್ತಿರ ಓಡುತ್ತಿರುತ್ತದೆ. ಓಡಿದ ಕಿಲೋಮೀಟರೂ ಕಡಿಮೆ ದಾಖಲಾಗುತ್ತದೆ. ದೊಡ್ಡ ಟೈರು ಹಾಕಿದ ಮೇಲೆ ಮೈಲೇಜ್ ಪಾತಾಳಕ್ಕೆ ಬಿತ್ತು ಎಂಬ ಗೋಳಿನಲ್ಲಿ ಒಂದು ಪಾಲು ಈ ಮೀಟರಿನದು. ಮೀಟರು ನೂರು ಎಂದಾಗ ಗಾಡಿ ನೂರಹತ್ತು ಕಿಲೋಮೀಟರ್ ಓಡಿರುತ್ತದೆ.

ಇವನ್ನೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು, ದುಡ್ಡು ಉಳಿಸಲು ಹಿಂದಿನ ಎರಡಕ್ಕಷ್ಟೇ ದೊಡ್ಡ ಟೈರು ಹಾಕಿಸುವುದು. ಜಿಪ್ಸಿಯಲ್ಲಿ, ಹಳೇ ಮಹೀಂದ್ರಾ ಜೀಪುಗಳಲ್ಲಿ ಮುಂದಿನ-ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್‌ವೀಲ್ ಹಾಕಿದರೆ ಎರಡೂ ಶಾಫ್ಟುಗಳು ಸುತ್ತಿಗೆ ಸುತ್ತು ಸರಿಸಮ ತಿರುಗಲೇಬೇಕು. ಆದರೆ ಒಂದು ಸುತ್ತಿಗೆ ಚಿಕ್ಕ ಟೈರು ಸಾಗುವುದು 2.1 ಮೀಟರ್, ದೊಡ್ಡದು 2.3. ಪ್ರತಿ ಸುತ್ತಿಗೂ 20 ಸೆಂಟಿಮೀಟರ್ ಜಗಳ. ಕೆಸರಿನಲ್ಲಾದರೆ ಯಾವುದೋ ಒಂದು ಟೈರು ಜಾರಿ ವ್ಯತ್ಯಾಸ ತೀರುತ್ತದೆ. ಟಾರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲ. ಆ ವ್ಯತ್ಯಾಸ ಶಾಫ್ಟುಗಳಲ್ಲಿ ತಿರುಚಾಗಿ ಸೇರುತ್ತ ಹೋಗಿ, ಫೋರ್‌ವೀಲ್ ಲಿವರ್ ಕಚ್ಚಿಕೊಂಡು ಹೊರಬರುವುದಿಲ್ಲ. ಆಮೇಲೂ ಒತ್ತಿದರೆ ಹಲ್ಲೋ ಜಾಯಿಂಟೋ ಮುರಿಯುತ್ತದೆ. ಸ್ಟೆಪ್ನಿ ಹಳೇ ಅಳತೆಯದಾಗಿದ್ದರೂ ಇದೇ ಅಪಾಯ, ಅದೂ ಕಾಡಿನ ನಡುವೆ ಪಂಕ್ಚರ್ ಆದಾಗ.

ಇನ್ನು ಹಿಡಿತ. ದೊಡ್ಡ ಟೈರು ತಾನಾಗಿಯೇ ಹೆಚ್ಚು ನೆಲ ಹಿಡಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. ನೆಲಕ್ಕೆ ಅಂಟುವ ಜಾಗವನ್ನು ಮುಖ್ಯವಾಗಿ ತೀರ್ಮಾನಿಸುವುದು ಭಾರ ಮತ್ತು ಗಾಳಿಯ ಒತ್ತಡ. ಚಕ್ರವೊಂದರ ಮೇಲೆ 250 ಕಿಲೋ ಭಾರ, ಒಳಗೆ 30 ಪಿಎಸ್‌ಐ ಗಾಳಿ ಇದ್ದರೆ ಅಂಟುವ ಜಾಗ ಸುಮಾರು 120 ಚದರ ಸೆಂಟಿಮೀಟರ್, ಒಂದು ಅಂಗೈಯಷ್ಟು. ಟೈರಿನ ಅಳತೆ ಬದಲಾದರೆ ಆ ಅಂಗೈಯ ಆಕಾರ ಬದಲಾಗುತ್ತದೆ, ವಿಸ್ತೀರ್ಣ ಹೆಚ್ಚು ಕಡಿಮೆ ಅಷ್ಟೇ. ಒತ್ತಡವನ್ನು ಅರ್ಧಕ್ಕಿಳಿಸಿದರೆ ವಿಸ್ತೀರ್ಣ ಇಮ್ಮಡಿಯತ್ತ ಹೋಗುತ್ತದೆ. ದೊಡ್ಡ ಟೈರಿನ ನಿಜವಾದ ಅನುಕೂಲ ಇಲ್ಲಿದೆ: ಗೋಡೆ ಎತ್ತರವಾದ್ದರಿಂದ ಗಾಳಿ ಇಳಿಸಿದರೂ ರಿಮ್ಮು ಕಲ್ಲಿಗೆ ಬಡಿಯುವ ಭಯ ಕಡಿಮೆ. ಆದರೆ ಹಳೇ ಟೈರಿನಲ್ಲೇ 30ರಿಂದ 20ಕ್ಕೆ ಇಳಿಸಿ ಕೆಸರು ದಾಟಿ ನೋಡಲು ಖರ್ಚೇನೂ ಇಲ್ಲ, ಸೀಟಿನಡಿ ಒಂದು ಗಾಳಿ ಪಂಪ್ ಇದ್ದರಾಯಿತು. ಟಾರು ರಸ್ತೆ ಹತ್ತಿದ ಕೂಡಲೇ ಮತ್ತೆ ತುಂಬಿಸಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಟೈರಿನ ಗೋಡೆ ಮಡಚಿ ಮಡಚಿ ಕಾದು ಒಳಗಿನ ಪದರಗಳೇ ಬಿಟ್ಟುಕೊಳ್ಳುತ್ತವೆ.