ಮತ ಸಿಕ್ಕ ಮೇಲೆ ಯುದ್ಧ ಬೇಡವೆಂದವರು

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮತಹಕ್ಕು ಹೋರಾಟಗಾರ್ತಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಸರ್ಕಾರದ ಬೆಂಬಲಕ್ಕೆ ನಿಂತರೆ, ಅವರ ಸ್ವಂತ ಮಗಳು ಅಡೆಲಾ ಆಸ್ಟ್ರೇಲಿಯಾದಲ್ಲಿ ಯುದ್ಧದ ವಿರುದ್ಧ ಊರೂರು ತಿರುಗಿ ಭಾಷಣ ಮಾಡಿದರು. ಜೊತೆಗಿದ್ದವರು 1915ರಲ್ಲಿ ಮೆಲ್ಬರ್ನ್‌ನಲ್ಲಿ ಮಹಿಳಾ ಶಾಂತಿ ಸೇನೆ ಕಟ್ಟಿದ ವಿಡಾ ಗೋಲ್ಡ್‌ಸ್ಟೈನ್. ಅವರ ‘ವುಮನ್ ವೋಟರ್’ ಪತ್ರಿಕೆಯ ಮೇಲೆ ಸೆನ್ಸಾರ್ ಕತ್ತರಿ ಬಿತ್ತು. ಆದರೂ ಇವರ ಮಾತಿಗೆ ತೂಕವಿತ್ತು. ಏಕೆಂದರೆ ಅಲ್ಲಿನ ಬಿಳಿಯ ಮಹಿಳೆಯರಿಗೆ 1902ರಲ್ಲೇ ಮತ ಸಿಕ್ಕಿತ್ತು. ಗಂಡಸರನ್ನು ಕಡ್ಡಾಯವಾಗಿ ಹೊರದೇಶದ ರಣರಂಗಕ್ಕೆ ಕಳಿಸಬಹುದೇ ಎಂದು 1916ರ ಅಕ್ಟೋಬರ್‌ನಲ್ಲಿ ಸರ್ಕಾರ ಜನಮತ ಕೇಳಿದಾಗ, ಆ ತೀರ್ಪಿನ ಹೊಣೆ ಹೆಂಗಸರ ಮೇಲೂ ಬಿತ್ತು.

ಕಡ್ಡಾಯ ಸೇನೆ ಬೇಡವೆನ್ನುವುದು ಮುಂಚೂಣಿಯ ಸೈನಿಕರ ಕೈಬಿಟ್ಟಂತಲ್ಲವೇ ಎಂದು ಕೇಳಿದವರಿದ್ದರು. ಸ್ವಇಚ್ಛೆಯ ನೇಮಕಾತಿ ಹೇಗೂ ನಡೆದಿತ್ತು. ಪ್ರಶ್ನೆ ಇದ್ದದ್ದು ಒಲ್ಲೆ ಎನ್ನುವವನ ಬಗ್ಗೆ. ಕೊನೆಗೆ ಸರ್ಕಾರದ ಪ್ರಸ್ತಾಪ ಸೋತಿತು. ಈ ಗೆಲುವೆಲ್ಲ ಶಾಂತಿ ಸೇನೆಯ ಹೆಂಗಸರದ್ದೇ ಎನ್ನಲಾಗದು, ನಿಜ. ಕಾರ್ಮಿಕ ಸಂಘಗಳೂ ಐರಿಷ್ ಕ್ಯಾಥೊಲಿಕರೂ ವಿರೋಧಿಸಿದ್ದರು. ಕಡ್ಡಾಯ ಸೇನೆ ಬೇಕೆಂದ ಮಹಿಳೆಯರೂ ಅನೇಕರಿದ್ದರು. ಆದರೆ ಸುಮಾರು 22 ಲಕ್ಷ ಮತಗಳಲ್ಲಿ ಅಂತರ ಬರೀ 72 ಸಾವಿರ. ಇಷ್ಟು ಬಿಗಿಯಾದ ಪೈಪೋಟಿಯಲ್ಲಿ ಬೀದಿಗಿಳಿದು ಸಂಘಟಿಸಿದವರ ಶ್ರಮವನ್ನು ಕಡೆಗಣಿಸುವುದು ಅನ್ಯಾಯ. 1917ರಲ್ಲಿ ಮತ್ತೆ ಕೇಳಿದಾಗ ಸೋಲಿನ ಅಂತರ 1 ಲಕ್ಷ 66 ಸಾವಿರಕ್ಕೆ ಏರಿತು. ಅದೇ ವರ್ಷ ಸೆನೆಟ್ ಚುನಾವಣೆಗೆ ನಿಂತ ಗೋಲ್ಡ್‌ಸ್ಟೈನ್ ಠೇವಣಿ ಕಳೆದುಕೊಂಡರು, ನಿಲುವು ಬಿಡಲಿಲ್ಲ.