ಸಾಕುಮೀನಿನ ಕರುಳಿನ ಆರೋಗ್ಯ

ದನವು ಮೇವು ಬಿಟ್ಟರೆ ಯಜಮಾನನಿಗೆ ಆ ಹೊತ್ತೇ ತಿಳಿಯುವುದು. ನೀರೊಳಗಿನ ಮೀನಿನ ಸಂಗತಿ ಹಾಗಲ್ಲ. ಅದು ಎಂದಿನಂತೆ ಈಜುತ್ತಾ ಆಹಾರವನ್ನು ತಿನ್ನುತ್ತಿರುವಾಗಲೂ ಅದರ ಕರುಳಿಗೆ ಉರಿಯೂತ ತಗಲಿರಬಹುದು. ಇಂತಹ ಒಂದು ಗುಪ್ತವ್ಯಾಧಿಯ ಕಾರಣವನ್ನು ಯೂರೋಪಿನ ಹಲವು ದೇಶಗಳ ಶಾಸ್ತ್ರಜ್ಞರು ಕಂಡುಹಿಡಿದಿರುವರು. ಆ ವೃತ್ತಾಂತವು ಮೀನು ಸಾಕುವ ಭೂಮಾಲೀಕರೆಲ್ಲರೂ ತಿಳಿಯತಕ್ಕದ್ದಾಗಿದೆ.

ನಾರ್ವೆ ದೇಶದ ಕಡಲತೀರದಲ್ಲಿ ಬಲೆಯ ಪಂಜರಗಳನ್ನು ಕಟ್ಟಿ ಸಾಲ್ಮನ್ ಎಂಬ ಮೀನನ್ನು ವಿಶೇಷವಾಗಿ ಸಾಕುತ್ತಾರೆ. ಇದು ಇತರ ಮೀನುಗಳನ್ನು ತಿಂದು ಬದುಕುವ ಜಾತಿ. ಹಿಂದೆ ಇದಕ್ಕೆ ಮುಖ್ಯವಾಗಿ ಮೀನಿನ ಹಿಟ್ಟನ್ನೇ ಹಾಕುತ್ತಿದ್ದರು. ಕಡಲಿನ ಮೀನು ಮಿತವಾದುದರಿಂದಲೂ ಹಿಟ್ಟಿನ ಬೆಲೆ ಹೆಚ್ಚಿದುದರಿಂದಲೂ ಅದಕ್ಕೆ ಬದಲಾಗಿ ಎಣ್ಣೆ ತೆಗೆದ ಸೋಯಾ ಅವರೆಯ ಹಿಂಡಿಯನ್ನು ಬೆರೆಸಿ ನೋಡಿದರು. 1991ರಲ್ಲಿ ಹಾಲೆಂಡ್ ಮತ್ತು ನಾರ್ವೆಯ ವಿದ್ವಾಂಸರು ಜೊತೆಗೂಡಿ, ಈ ಹಿಂಡಿಯನ್ನು ತಿಂದ ಮೀನುಗಳ ಕರುಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಫಲವನ್ನು ಪ್ರಕಟಿಸಿದರು. ಆಹಾರಸಾರವನ್ನು ಹೀರಿಕೊಳ್ಳುವ ಮಡಿಕೆಗಳು ಕರುಳಿನ ಹಿಂಭಾಗದಲ್ಲಿ ಮೊಟಕಾಗಿದ್ದುವು. 1996ರಲ್ಲಿ ನಾರ್ವೆಯಲ್ಲಿ ಪ್ರಕಟವಾದ ಪರಿಶೋಧನೆಯಿಂದ, ಮೀನಿನ ಹಿಟ್ಟಿಗೆ ಮರಳಿದರೆ ಕರುಳು ಕೆಲವು ವಾರಗಳಲ್ಲಿ ಗುಣಹೊಂದುವುದೆಂದು ತಿಳಿಯಿತು.

ದೋಷವಿದ್ದುದು ಹಿಂಡಿಯ ಯಾವ ಅಂಶದಲ್ಲಿ? ಅದು ಮದ್ಯಸಾರದಲ್ಲಿ ಕರಗುವಂತಹದೆಂದು ಮೊದಲು ಗೊತ್ತಾಯಿತು. ಬಳಿಕ 2008ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ದೇಶದವರನ್ನೊಳಗೊಂಡ ತಂಡವು, ಸಪೋನಿನ್ ಎಂಬ ದ್ರವ್ಯವೇ ಇದರಲ್ಲಿ ಮುಖ್ಯಪಾತ್ರ ವಹಿಸುವುದೆಂದು ತೋರಿಸಿತು. ನಮ್ಮ ಅಂಟುವಾಳದ ಕಾಯಿಯಲ್ಲಿ ನೊರೆಯೆಬ್ಬಿಸುವುದು ಇದೇ ಜಾತಿಯ ದ್ರವ್ಯ. ಇದು ಕಾಸಿದರೂ ನಾಶವಾಗದು. ಕರುಳಿನ ಗೋಡೆಯನ್ನು ಸಡಿಲಗೊಳಿಸಿ, ಒಳಕ್ಕೆ ಹೋಗಬಾರದುದನ್ನು ಹೋಗಗೊಡುವುದು. ಆದಕಾರಣ ಹಿಂಡಿಯನ್ನು ಮದ್ಯಸಾರದಿಂದ ತೊಳೆದು ಸಪೋನಿನನ್ನು ತೆಗೆದ ಸೋಯಾ ಸಸಾರಜನಕವನ್ನೇ ಈಗ ಸಾಲ್ಮನ್ ಆಹಾರದಲ್ಲಿ ಬಹಳವಾಗಿ ಉಪಯೋಗಿಸುತ್ತಾರೆ.

ಎಲ್ಲ ಮೀನುಗಳ ಪ್ರಕೃತಿಯೂ ಒಂದೇ ಬಗೆಯದಲ್ಲ. 2008ರಲ್ಲಿ ಹಾಲೆಂಡಿನವರು ಸಾಮಾನ್ಯ ಗೆಂಡೆಯ ಮೇಲೆ ಪ್ರಕಟಿಸಿದ ಪ್ರಯೋಗದಲ್ಲಿ, ಅದೇ ಹಿಂಡಿಯಿಂದ ಮೊದಲು ಉರಿಯೂತ ಕಾಣಿಸಿಕೊಂಡರೂ, ಅದನ್ನೇ ತಿನ್ನಿಸುತ್ತಿರುವಾಗಲೇ ಕೆಲವು ವಾರಗಳಲ್ಲಿ ಕರುಳು ಚೇತರಿಸಿಕೊಳ್ಳಲಾರಂಭಿಸಿತು. ಕೆರೆ ಕೊಳಗಳಲ್ಲಿ ಗೆಂಡೆ ಸಾಕುವವರಿಗೆ ಇದು ಸಮಾಧಾನದ ಮಾತಾದರೂ, ಒಂದು ಜಾತಿಗೆ ಹಿತವಾದ ಆಹಾರವು ಇನ್ನೊಂದಕ್ಕೆ ಅಹಿತವಾಗಬಹುದೆಂಬ ಎಚ್ಚರವಿರಬೇಕು.

ಹೊಸ ಹಿಂಡಿಯನ್ನು ಒಮ್ಮೆಗೇ ಹಾಕದೆ ಸ್ವಲ್ಪಸ್ವಲ್ಪವಾಗಿ ಬೆರೆಸುವುದು ಯುಕ್ತ. ಹಾಕಿದ ಆಹಾರದ ತೂಕವನ್ನೂ ಆಗಾಗ್ಗೆ ಹಿಡಿದ ಮೀನಿನ ತೂಕವನ್ನೂ ಬರೆದಿಡತಕ್ಕದ್ದು. ಆಹಾರವು ಹೆಚ್ಚು ಖರ್ಚಾಗಿಯೂ ಬೆಳವಣಿಗೆ ಕುಂಠಿತವಾದರೆ, ಮೀನುಗಾರಿಕೆ ಇಲಾಖೆಯವರಿಗೆ ಕೂಡಲೇ ತಿಳಿಸಿ ಸಲಹೆ ಪಡೆಯಬೇಕು.

ನಾರ್ವೆಯಲ್ಲಿ 2009ರಲ್ಲಿ ಅಂಗೀಕರಿಸಿದ ಪ್ರಾಣಿಹಿತ ಶಾಸನವು ಮೀನಿಗೂ ಅನ್ವಯಿಸುತ್ತದೆ. ಶಾಸನವಿರಲಿ ಇಲ್ಲದಿರಲಿ, ನಾವು ಹಾಕಿದುದನ್ನೇ ತಿನ್ನಬೇಕಾದ ಮೂಕಪ್ರಾಣಿಯ ಹೊಟ್ಟೆಯ ಹೊಣೆ ಸಾಕುವವನದು. ಅದರ ಕರುಳು ನೆಟ್ಟಗಿದ್ದರೆ ಯಜಮಾನನ ಹಣವೂ ನೀರುಪಾಲಾಗದು.